ಅಂಗೈ ಮತ್ತೆ ತೆರೆದಾಗ

ಶರಣರ ದೃಷ್ಟಿಯಲ್ಲಿ ಕಾಯಕವೆಂದರೆ ಕೇವಲ ಹೊಟ್ಟೆಪಾಡಿನ ದುಡಿಮೆಯಲ್ಲ. ಅದು ಅರಿವಿನ ಆಚರಣೆ. ಹಾಗಾದರೆ ರೋಗದಿಂದ ಕೈ ಸೋತವರ ಕಾಯಕವಾವುದು?

ಶಹಾಬಾದ ಸಮೀಪದ ಹಳ್ಳಿಯ ಹಿರಿಯ ಭಕ್ತರೊಬ್ಬರು ಆಯುಷ್ಯವೆಲ್ಲ ಕಲ್ಲುಗಣಿಯಲ್ಲಿ ದುಡಿದವರು. ಒಂದು ಮುಂಜಾನೆ ಅವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ನಡಿಗೆಯೂ ಮೆಲ್ಲನೆ ಮರಳಿತು. ಆದರೆ ಎಡಗೈ ಮುಷ್ಟಿಗಟ್ಟಿಯೇ ಉಳಿಯಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಪೂಜಿಸುವುದು ಅವರ ನಿತ್ಯದ ನೇಮ. ಆ ಅಂಗೈಯೇ ತೆರೆಯದಾದಾಗ ಕರಡಿಗೆಯ ಮೇಲೆ ಬಲಗೈಯಿಟ್ಟು ಸುಮ್ಮನೆ ಕುಳಿತುಬಿಡುತ್ತಿದ್ದರು. "ಇನ್ನ ನಂದೇನೂ ಉಳೀಲಿಲ್ಲವ್ವಾ" ಎಂದು ಮಗಳ ಮುಂದೆ ನೊಂದುಕೊಂಡರು.

ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ 'ಆಕ್ಯುಪೇಷನಲ್ ಥೆರಪಿ'ಯ ಮಾತೆತ್ತಿದಾಗ ಮಗಳು, "ಈ ವಯಸ್ಸಿನಾಗ ಅಪ್ಪಗ ನೌಕರಿ ಯಾಕ್ರೀ?" ಎಂದು ಕೇಳಿದಳು. ಇಲ್ಲಿ ಉದ್ಯೋಗವೆಂದರೆ ನೌಕರಿಯಲ್ಲ. ಸ್ನಾನ, ಉಡುಗೆ, ಊಟ, ಪೂಜೆ, ಮಗುವಿಗಾದರೆ ಆಟ-ಪಾಠ, ಹೀಗೆ ದಿನವನ್ನು ತುಂಬುವ ಎಲ್ಲ ಕೆಲಸಗಳೂ ಉದ್ಯೋಗವೇ. ಫಿಸಿಯೋಥೆರಪಿಯು ಮುಖ್ಯವಾಗಿ ಅಂಗಗಳ ಬಲ ಮತ್ತು ಚಲನೆಯನ್ನು ನೋಡಿಕೊಂಡರೆ, ಈ ಚಿಕಿತ್ಸೆಯು ಆ ಬಲವನ್ನು ಬೇಕಾದ ಕೆಲಸಕ್ಕೆ ಒಗ್ಗಿಸುತ್ತದೆ. ದೇಹ ಒಗ್ಗದಿದ್ದರೆ ಚಮಚದ ಹಿಡಿಯನ್ನು ದಪ್ಪ ಮಾಡುತ್ತದೆ, ಬಚ್ಚಲಿಗೆ ಆಸರೆಯ ಕಂಬಿ ಹಾಕಿಸುತ್ತದೆ. ಭಾರತದಲ್ಲಿ ಇದರ ಶಿಕ್ಷಣವು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ ಅವರಿಂದ ಆರಂಭವಾಯಿತು.

ಕಲಬುರಗಿಯಲ್ಲಿ ಭೇಟಿಯಾದ ಚಿಕಿತ್ಸಕಿ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಕೈಯಿಂದ ಏನು ಮಾಡಬೇಕೆಂಬ ಆಸೆ ಇದೆ, ಅಜ್ಜಾರ?" ಉತ್ತರ ಒಂದೇ: ಲಿಂಗಪೂಜೆ. ಅಂದಿನಿಂದ ಅದೇ ಗುರಿಯಾಯಿತು. ಮೊಳಕೈಯನ್ನು ಮಣೆಯ ಮೇಲೆ ಊರುವುದು, ಬೆರಳುಗಳನ್ನು ಜಗ್ಗದೆ ಮೆಲ್ಲನೆ ಬಿಡಿಸುವುದು, ರಾತ್ರಿ ಆಧಾರಪಟ್ಟಿ ಕಟ್ಟುವುದು, ತಟ್ಟೆಯಲ್ಲಿ ಹರಡಿದ ತೊಗರಿಕಾಳನ್ನು ಆಯುವುದು. ಕಾಳು ಆಯುವಾಗ ಹಿರಿಯರಿಗೆ ಆಯ್ದಕ್ಕಿ ಮಾರಯ್ಯ ನೆನಪಾದನಂತೆ. ಬಿದ್ದ ಅಕ್ಕಿಯನ್ನು ಆಯುವುದೂ ಕಾಯಕವಾದರೆ, ಈ ಅಭ್ಯಾಸವೇಕೆ ಆಗಬಾರದು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಭಕ್ತರು ಇಂಥ ನೆರವು ಬೇಕಾದಾಗ ಮೊದಲು ತಾಲೂಕು ಆಸ್ಪತ್ರೆಯ ವೈದ್ಯರನ್ನು ಅಥವಾ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬೇಕು; ಬಳಿಕ ಕಲಬುರಗಿಯ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಬೇಕು. ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ದಾರಿಯೂ ಇದೆ. ಚಿಕಿತ್ಸಕರು ಈ ವಿಷಯದಲ್ಲಿಯೇ ಪದವಿ ಪಡೆದವರೇ ಎಂದು ಕೇಳಲು ಸಂಕೋಚ ಬೇಡ. ಈ ವೃತ್ತಿಯನ್ನು 2021ರ ಕೇಂದ್ರ ಕಾಯಿದೆಯೂ ಮಾನ್ಯ ಮಾಡಿದೆ. ಲಕ್ವಾ ಹೊಡೆದವರು ತಡಮಾಡದೆ ಆರಂಭಿಸುವುದು ಲೇಸು.

ತಿಂಗಳುಗಳು ಕಳೆದವು. ಹಿರಿಯರ ಅಂಗೈ ಪೂರ್ತಿ ತೆರೆಯಲಿಲ್ಲ. ಲಿಂಗಯ್ಯ ನೆಲೆಗೊಳ್ಳುವಷ್ಟು ತೆರೆಯಿತು. ಕೆಳಗೆ ಬಲಗೈಯ ಆಸರೆ ಕೊಟ್ಟು ಅವರು ಮತ್ತೆ ದೃಷ್ಟಿ ನೆಟ್ಟು ಕುಳಿತರು. ಬಾಗಿಲಲ್ಲಿ ನಿಂತ ಮಗಳು ಸದ್ದಿಲ್ಲದೆ ಕಣ್ಣೊರೆಸಿಕೊಂಡಳು.

ಕಾಯಕ ಕಳೆದುಕೊಂಡವರಿಗೆ ಅದನ್ನು ಮರಳಿಸುವುದೂ ಒಂದು ಕಾಯಕವೇ.