ಒಳಗೆ ಎಳೆಯುವ ಗಾಳಿ

ಖೇಡ್ ಶಿವಾಪುರದ ಟೋಲ್ ದಾಟಿ ಕಾತ್ರಜ್‌ನ ಹೊಸ ಸುರಂಗದ ಕಡೆಗೆ ಏರುವಾಗ ನನ್ನ ಡೀಸೆಲ್ ಕಾರು ದಮ್ಮು ಕಳೆದುಕೊಂಡಿತು. ಆಕ್ಸಲರೇಟರ್ ಒತ್ತಿದರೆ ಒಮ್ಮೆ ಮುಂದಕ್ಕೆ ನುಗ್ಗುವುದು, ಮರುಕ್ಷಣ ಯಾರೋ ಹಿಂದಿನಿಂದ ಜಗ್ಗಿದಂತೆ ಕುಗ್ಗುವುದು. ನಾಲ್ಕೈದು ಸಲ ಹೀಗೆ ಮಾಡಿ, ಇಂಜಿನ್ನಿನ ಹಳದಿ ದೀಪ ಹತ್ತಿ, ಲಿಂಪ್ ಮೋಡ್‌ಗೆ ಹೋಯಿತು. ಅಲ್ಲಿಂದ ಮುಂದೆ ಲಾರಿಗಳ ಹಿಂದೆ ತೆವಳಿದ್ದೇ. ಹಿಂದಿನ ಸೀಟಿನಲ್ಲಿ ಎರಡು ಟ್ರಂಕು, ಒಂದು ಚೀಲ ಜೋಳದ ಹಿಟ್ಟು, ಸೀರೆಯಲ್ಲಿ ಸುತ್ತಿದ ಅವ್ವನ ಫೋಟೊ. ಪಕ್ಕದಲ್ಲಿ ಅಪ್ಪ. ಹುಬ್ಬಳ್ಳಿಯ ಮನೆಗೆ ಬೀಗ ಹಾಕಿ ಅವರನ್ನು ಪುಣೆಗೆ ಕರೆತರುತ್ತಿದ್ದೆ, ಖಾಯಂ ಆಗಿ.

"ಗಾಡಿಗೂ ಬರಾಕ ಮನಸಿಲ್ಲ ನೋಡೋ ತಮ್ಮಾ," ಅಂದರು ಅಪ್ಪ. ನಿಪ್ಪಾಣಿ ದಾಟಿದ ಮೇಲೆ ಅವರು ಆಡಿದ ಮೊದಲ ಮಾತು ಅದು.

ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಚ್ಚಿದರು. ಪಿ0299 ಎಂಬ ಕೋಡ್ ಬಂತು. ಅಡ್ವೈಸರ್ ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಟರ್ಬೊ ಹೋಗಿದೆ ಸರ್, ಲಕ್ಷ ಕಿಲೋಮೀಟರ್ ದಾಟಿದೆಯಲ್ಲ" ಎಂದ. ಅಂದಾಜು ಖರ್ಚು 72,000 ರೂಪಾಯಿ.

ನಾನು ಎಂಟೆಕ್ ಮಾಡಿದ್ದು ಥರ್ಮಲ್ ಇಂಜಿನಿಯರಿಂಗ್‌ನಲ್ಲಿ. ಟರ್ಬೈನಿಗೆ ಸಂಬಂಧಿಸಿದ ಆಯ್ಲರ್ ಸಮೀಕರಣವನ್ನು ಒಂದು ಕಾಲಕ್ಕೆ ನಿದ್ದೆಯಲ್ಲೂ ಬರೆಯುತ್ತಿದ್ದೆ. ಆಮೇಲೆ ಸಾಫ್ಟ್‌ವೇರ್‌ಗೆ ಬಂದು ಇಪ್ಪತ್ತು ವರ್ಷವಾಯಿತು, ಸ್ಪ್ಯಾನರ್ ಹಿಡಿದಿಲ್ಲ. ಆದರೂ ಆ ಎಸ್ಟಿಮೇಟಿಗೆ ಸಹಿ ಹಾಕಲು ಕೈ ಬರಲಿಲ್ಲ. ಪಿ0299 ಅಂದರೆ ಟರ್ಬೊ ಹೋಗಿದೆ ಎಂದಲ್ಲ. ಇಂಜಿನ್ ಕಂಪ್ಯೂಟರ್ ಕೇಳಿದಷ್ಟು ಗಾಳಿಯ ಒತ್ತಡ ಸಿಗುತ್ತಿಲ್ಲ ಎಂದಷ್ಟೇ. ಜ್ವರ ಇದೆ ಎಂದು ಥರ್ಮಾಮೀಟರ್ ಹೇಳಿದ ಹಾಗೆ. ಯಾಕೆ ಜ್ವರ ಎಂದು ಅದು ಹೇಳುವುದಿಲ್ಲ.

ಟರ್ಬೊ ಕೆಲಸ ತಿಳಿಯಲು ಕಷ್ಟವಿಲ್ಲ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿನ ಮೇಲೂ ತಿರುಗಬಲ್ಲದು. ನನ್ನ ಕಾರಿನದರಲ್ಲಿ ಹೊಗೆಯ ದಾರಿಯನ್ನು ಕಿರಿದು ಮಾಡುವ, ಅಗಲ ಮಾಡುವ ಸಣ್ಣ ರೆಕ್ಕೆಗಳಿವೆ. ಕಿರಿದಾದರೆ ಹೊಗೆಯ ವೇಗ ಹೆಚ್ಚಿ ಒತ್ತಡ ಏರುತ್ತದೆ. ಆ ರೆಕ್ಕೆಗಳನ್ನು ಆಡಿಸುವುದು ಒಂದು ಆಕ್ಚುಯೇಟರ್. ಅದನ್ನು ಎಳೆಯುವುದು ನಿರ್ವಾತ. ವ್ಯಾಕ್ಯೂಮ್ ಪಂಪಿನಿಂದ ಒಂದು ಸೊಲಿನಾಯ್ಡ್ ವಾಲ್ವ್‌ಗೆ, ಅಲ್ಲಿಂದ ಆಕ್ಚುಯೇಟರಿಗೆ ರಬ್ಬರ್ ಹೋಸ್ ಹೋಗಿರುತ್ತದೆ. ಇಷ್ಟರಲ್ಲಿ ಯಾವುದು ಕೆಟ್ಟರೂ ಕೋಡ್ ಅದೇ ಬರಬಹುದು.

ಒಂದು ಬ್ಲೂಟೂತ್ ಡಾಂಗಲ್ ತರಿಸಿ ಫೋನಿಗೆ ಜೋಡಿಸಿದೆ. ಭಾನುವಾರ ಬೆಳಿಗ್ಗೆ ಬೋಪ್‌ದೇವ್ ಘಾಟಿನ ಕಡೆ ಹೊರಟಾಗ ಅಪ್ಪ ತಾವಾಗಿಯೇ ಚಪ್ಪಲಿ ಮೆಟ್ಟಿ ಬಂದರು. ಫ್ಲ್ಯಾಟಿಗೆ ಬಂದು ಮೂರು ವಾರವಾಗಿತ್ತು. ಬಾಲ್ಕನಿ, ಟೀವಿ, ಮತ್ತೆ ಬಾಲ್ಕನಿ. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವರು ನಮ್ಮ ಮನೆಯ ಮಿಕ್ಸಿಯ ಸದ್ದು ಸರಿಯಿಲ್ಲ ಎಂದು ದಿನಕ್ಕೊಮ್ಮೆ ಹೇಳುವುದು ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ.

ಏರಿನಲ್ಲಿ ಎರಡು ಗೆರೆಗಳು ಫೋನಿನಲ್ಲಿ ಮೂಡಿದವು. ಕಂಪ್ಯೂಟರ್ ಕೇಳಿದ ಒತ್ತಡ 200 ಕಿಲೋಪ್ಯಾಸ್ಕಲ್. ನಿಜವಾಗಿ ಸಿಕ್ಕಿದ್ದು 150ಕ್ಕೆ ಬಿದ್ದು, 220ಕ್ಕೆ ಹಾರಿ, ಮತ್ತೆ ಬಿದ್ದು ಹಾವಿನಂತೆ ಹರಿಯುತ್ತಿತ್ತು. ಟರ್ಬೊ ಪೂರ್ತಿ ಸತ್ತಿದ್ದರೆ 220 ಎಲ್ಲಿಂದ ಬರಬೇಕು?

ಮನೆಗೆ ಬಂದು ಒಂದೊಂದೇ ನೋಡಿದೆ. ಏರ್ ಫಿಲ್ಟರ್ ಸ್ವಚ್ಛ. ಇಂಜಿನ್ ಆರಿಸಿ, ಕೀಲಿ ಮಾತ್ರ ತಿರುಗಿಸಿದಾಗ ಒತ್ತಡದ ಸೆನ್ಸರ್ 95 ತೋರಿಸಿತು. ಸಮುದ್ರಮಟ್ಟದಲ್ಲಿ 101 ಇರಬೇಕಾದದ್ದು, ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ 95 ಸರಿಯೇ. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಇಂಟರ್‌ಕೂಲರಿನ ದಪ್ಪ ಪೈಪುಗಳಿಗೆ ಸೋಪಿನ ನೀರು ಹಚ್ಚಿ, ಹೆಂಡತಿಗೆ ಆಕ್ಸಲರೇಟರ್ ಒತ್ತಲು ಹೇಳಿದೆ. ಗುಳ್ಳೆ ಬರಲಿಲ್ಲ. ಸಣ್ಣ ಹೋಸುಗಳಿಗೂ ಹಚ್ಚಿದೆ. ಅಲ್ಲಿಯೂ ಇಲ್ಲ. ಬಾನೆಟ್ ಮುಚ್ಚಲು ಕೈ ಹಾಕಿದೆ.

"ಆ ಸಣ್ಣ ಪೈಪಿನ್ಯಾಗ ಗಾಳಿ ಹೊರಗ ಬರತದೋ, ಒಳಗ ಎಳೀತದೋ?" ಎಂದು ಕೇಳಿದರು ಅಪ್ಪ. ಪಾರ್ಕಿಂಗ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

"ಎಳೀತದಪ್ಪಾ. ವ್ಯಾಕ್ಯೂಮ್."

"ಮತ್ತ ಗುಳ್ಳಿ ಹೆಂಗ ಬರತಾವೋ?"

ನನಗೆ ಉತ್ತರ ಬರಲಿಲ್ಲ. ಆಮೇಲೆ ಅವರೇ ಹೇಳಿದರು. ಬಸ್ಸಿನ ಟ್ಯಾಂಕಿನಿಂದ ಫೀಡ್ ಪಂಪು ಡೀಸೆಲ್ ಎಳೆಯುವ ಪೈಪಿನಲ್ಲಿ ಸಣ್ಣ ತೂತಿದ್ದರೆ ಇಂಜಿನ್ ಓಡುವಾಗ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಒಳಗೆ ಗಾಳಿ ಸೇರಿ ಬಸ್ಸು ಘಟ್ಟದಲ್ಲಿ ನಿಲ್ಲುತ್ತದೆ. ಹೊಸ ಹುಡುಗರು ಪಂಪನ್ನೇ ಬಿಚ್ಚಿ ಹಾಕುತ್ತಿದ್ದರಂತೆ. "ಸೋರೂದು ಕಾಣತದ. ಎಳಕೊಳ್ಳೂದು ಕಾಣಂಗಿಲ್ಲ," ಅಂದರು.

ಮರುವಾರ ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪು ಬಂತು. ಮೊದಲು ನೇರ ಆಕ್ಚುಯೇಟರಿಗೆ ಹಚ್ಚಿ ಎಳೆದೆ. ಕಡ್ಡಿ ನಯವಾಗಿ ಸರಿಯಿತು, ಮುಳ್ಳು ಎರಡು ನಿಮಿಷವಾದರೂ ಅಲುಗಲಿಲ್ಲ. ಡಯಾಫ್ರಾಮ್ ಗಟ್ಟಿಯಿದೆ, ರೆಕ್ಕೆಗಳು ಸಿಕ್ಕಿಕೊಂಡಿಲ್ಲ. 72,000 ರೂಪಾಯಿಯ ಟರ್ಬೊ ನಿರಪರಾಧಿ. ಆಮೇಲೆ ಹೋಸಿನ ಒಂದು ತುದಿ ಮುಚ್ಚಿ ಎಳೆದೆ. ಮುಳ್ಳು ನಿಂತಿತು. ಅಪ್ಪ ಎದ್ದು ಬಂದು ಹೋಸನ್ನು ಬೆರಳಿನಲ್ಲಿ ಗೇಣುಗೇಣಾಗಿ ಬಗ್ಗಿಸುತ್ತಾ ಹೋದರು. ಇಂಜಿನ್ನಿನ ಹಿಂದೆ ಕಬ್ಬಿಣದ ಕ್ಲಿಪ್ ಉಜ್ಜುವ ಕಡೆ ಬಗ್ಗಿಸಿದ್ದೇ ತಡ, ಮುಳ್ಳು ಸರ್ರನೆ ಇಳಿಯಿತು. ಕೂದಲೆಳೆಯಷ್ಟು ಸೀಳು.

ಅಲ್ಲಿಗೆ ಹಾವಿನ ಗೆರೆಯೂ ಅರ್ಥವಾಯಿತು. ಏರಿನಲ್ಲಿ ಜೋರು ಕೊಟ್ಟಾಗ ಇಂಜಿನ್ ತನ್ನ ಮೌಂಟಿಂಗ್ ಮೇಲೆ ವಾಲುತ್ತದೆ. ಸೀಳು ಬಾಯಿ ಬಿಡುತ್ತದೆ, ಒತ್ತಡ ಬೀಳುತ್ತದೆ. ಕಂಪ್ಯೂಟರ್ ಗಾಬರಿಯಾಗಿ ವಾಲ್ವ್ ಇನ್ನಷ್ಟು ತೆರೆಯುತ್ತದೆ. ಎಳೆತ ಕಡಿಮೆಯಾಗಿ ಇಂಜಿನ್ ಹಿಂದೆ ಸರಿದರೆ ಸೀಳು ಮುಚ್ಚಿ ಒತ್ತಡ ಒಮ್ಮೆಲೇ ಹಾರುತ್ತದೆ. ಮತ್ತೆ ಅದೇ ಸುತ್ತು. ಕಂಪ್ಯೂಟರಿನದೂ ತಪ್ಪಿರಲಿಲ್ಲ. ತಾನು ಹೇಳಿದ್ದು ಕೊನೆಯವರೆಗೆ ಮುಟ್ಟುತ್ತಿದೆ ಎಂದು ಅದು ನಂಬಿತ್ತು.

ನಾನಾ ಪೇಠದ ಅಂಗಡಿಗೆ ಅಪ್ಪ ಹಳೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು. ಮರಾಠಿ ಬಾರದಿದ್ದರೂ ತೂತಿಗೆ ತೂತು ಹಿಡಿದು ತೋರಿಸಿ, ಮೂರು ಬೇಡವೆಂದು ನಾಲ್ಕನೆಯದನ್ನು ಆರಿಸಿದರು. ಒಂದು ಮೀಟರಿಗೆ 140 ರೂಪಾಯಿ. ಹೊಸ ಹೋಸಿಗೆ ಕ್ಲಿಪ್ ತಾಗದಂತೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಬೋಪ್‌ದೇವ್ ಘಾಟಿನಲ್ಲಿ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು.

ಇಳಿದು ಬರುವಾಗ ಅಪ್ಪ, "ಗಾಡಿ ಪಾಡಾತಲ್ಲ," ಎಂದರು. "ಇನ್ನ ನನ್ನ ಊರಿಗೆ ಬಿಟ್ಟ ಬಾ."

"ದೀಪಾವಳಿಗೆ ಹೋಗೋಣಪ್ಪಾ."

"ಹೋಗೋಣ ಅಲ್ಲ. ಬಿಟ್ಟ ಬಾ ಅಂದೆ."

ನಾನು ಮಾತಾಡಲಿಲ್ಲ. ಮೂರು ವಾರಗಳಿಂದ ಆಫೀಸಿನಲ್ಲಿ ಯಾರಾದರೂ ಕೇಳಿದರೆ, "ಅಪ್ಪ ಸೆಟಲ್ ಆಗಿದ್ದಾರೆ, ಏನೂ ತೊಂದರೆಯಿಲ್ಲ" ಎನ್ನುತ್ತಿದ್ದೆ. ಹೊರಗೆ ಒಂದು ಹನಿಯೂ ಕಂಡಿರಲಿಲ್ಲ ನನಗೆ.

ಈಗ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಎಂದು ಮಾತಾಗಿದೆ. ಅಲ್ಲಿದ್ದಾಗ ಪಕ್ಕದ ಮನೆಯವರು ಎರಡು ಹೊತ್ತು ನೋಡಿ ಹೋಗುತ್ತಾರೆ. ನನಗೆ ರಾತ್ರಿ ಫೋನ್ ಬಂದರೆ ಎದೆ ಧಸಕ್ ಎನ್ನುವುದು ತಪ್ಪಿಲ್ಲ. ಕಾರು ಖಂಬಾಟಕಿ ಘಾಟನ್ನು ತಕರಾರಿಲ್ಲದೆ ಹತ್ತುತ್ತದೆ. ಅಪ್ಪ ಮಾತ್ರ ಪ್ರತಿ ಸಲ ಹೊರಡುವ ಮುಂಚೆ ಬಾನೆಟ್ ತೆಗೆಸಿ ಆ ಸೈಕಲ್ ಟ್ಯೂಬಿನ ತುಂಡನ್ನು ಮುಟ್ಟಿ ನೋಡಿಯೇ ಸೀಟಿನಲ್ಲಿ ಕೂರುತ್ತಾರೆ.