ಅಂಗೈಗೆ ಕಂಡ ಪೆಟ್ಟು

ಗುಂಡ್ಲುಪೇಟೆಯಲ್ಲಿ ತಿಂಡಿ ತಿಂದು ತೆರಕಣಾಂಬಿ ದಾಟುವವರೆಗೆ ಕಾರಿಗೆ ಏನೂ ಆಗಿರಲಿಲ್ಲ. ಬನದ ಹುಣ್ಣಿಮೆಗೆ ಇನ್ನೆರಡು ದಿನ ಬಾಕಿ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಗೆ ಹೋಗಬೇಕು, ನಡುವೆ ಚಂದಕವಾಡಿಯ ಗೆಳೆಯನ ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು ಉಂಡು ಮಲಗಬೇಕು, ಇಷ್ಟೇ ನನ್ನ ಲೆಕ್ಕ. ಚಾಮರಾಜನಗರವನ್ನು ಹಾದೆ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಡುವ ಮುಂಚೆ ಅದು ಅರಿಕುಠಾರ. ಕುಠಾರವೆಂದರೆ ಕೊಡಲಿ. ಊರಿನ ಹೆಸರಲ್ಲೇ ಕಬ್ಬಿಣವಿದ್ದದ್ದು ನನಗೆ ಹೊಳೆದದ್ದು ಮಾರನೆಯ ದಿನ.

ಚಂದಕವಾಡಿ ಹೋಬಳಿ ಕೇಂದ್ರ, ದೊಡ್ಡ ಊರೇ. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ಮಲಗಿತ್ತು. ಎಲ್ಲೋ ಅರಿಸಿನ ಬೇಯಿಸುತ್ತಿದ್ದ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಊರು ಅರ್ಧ ಮೈಲಿ ಇದೆ ಎನ್ನುವಾಗ ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು. ದಾರಿ ಬಿಟ್ಟು ಪಕ್ಕಕ್ಕೆ ನಿಂತೆ. ಟ್ರ್ಯಾಕ್ಟರು ಮರ್ಯಾದೆಯಿಂದಲೇ ಹೋಯಿತು. ಅದರ ಹಿಂದಿನ ಟ್ರೇಲರು ನನ್ನ ಬಾಗಿಲನ್ನು ಸವರಿಕೊಂಡು ಹೋಯಿತು. ಕರಕರ ಎಂದ ಸದ್ದು ಹಲ್ಲಿಗೆ ಬಂತು. ಓಡಿಸುತ್ತಿದ್ದ ಹುಡುಗ ಇಳಿದು ಬಂದು ತಲೆ ಕೆರೆದುಕೊಂಡ, ಎರಡು ಜಲ್ಲೆ ಕಬ್ಬು ಕೊಟ್ಟ, ಹೊರಟುಹೋದ. ಬಾಗಿಲು ತೆರೆಯಲಿಲ್ಲ. ನಾನು ಪಕ್ಕದ ಸೀಟಿನ ಮೇಲೆ ಉರುಳಿ ಎಡಗಡೆಯಿಂದ ಇಳಿದೆ.

ಮೈಸೂರಿಗೆ ಫೋನು ಮಾಡಿದರೆ ಬಾಗಿಲನ್ನೇ ಬದಲಿಸಬೇಕು, ಹತ್ತು ದಿನವಾದರೂ ಬೇಕು ಎಂದರು. ಗೆಳೆಯ ನಕ್ಕ. ‘ನಾಳೆ ಬೆಳಗ್ಗೆ ಟಿಂಕರ್ ಹತ್ರ ಹೋಗಣ ಬಾ’ ಎಂದ.

ಟಿಂಕರ್. ಇಂಗ್ಲಿಷರ ನಾಡಿನಲ್ಲಿ ಊರೂರು ತಿರುಗಿ ಪಾತ್ರೆ ಪಡಗ ಸರಿಮಾಡುತ್ತಿದ್ದವನ ಹೆಸರು ಅದು, ನಮ್ಮ ಕಲಾಯಿಯವನ ಅಣ್ಣತಮ್ಮ. ಹಡಗು ಹತ್ತಿ ಇಲ್ಲಿಗೆ ಬಂದು, ಬೋಗುಣಿ ಬಿಟ್ಟು ಬಾನೆಟ್ ಹಿಡಿದು, ಹಳ್ಳಿಯ ಬಾಯಲ್ಲಿ ಕನ್ನಡವೇ ಆಗಿಬಿಟ್ಟಿದೆ. ಈಗ ಪೇಟೆಯ ಬೋರ್ಡುಗಳಲ್ಲಿ ಡೆಂಟಿಂಗ್ ಎಂದು ಬರೆಸುತ್ತಾರೆ. ನನಗೇನೋ ಟಿಂಕರೇ ಇಷ್ಟ. ಅದರಲ್ಲೇ ಟಿಣ್ ಎನ್ನುವ ಸದ್ದಿದೆ.

ಶೆಡ್ಡು ಎಂದರೆ ನಾಲ್ಕು ಕಂಬ, ಮೇಲೆ ಶೀಟು, ಪಕ್ಕದಲ್ಲಿ ಹುಣಸೆಮರ. ಬಂಪರಿಲ್ಲದ ಒಂದು ಜೀಪು, ಮುಖವೇ ಇಲ್ಲದ ಒಂದು ಗೂಡ್ಸ್ ಆಟೊ. ಮೇಸ್ತ್ರಿಗೆ ಐವತ್ತೈದು ಇರಬಹುದು. ಬಾಗಿಲಿನ ಕಡೆ ಒಂದು ಸಲ ಕಣ್ಣು ಹಾಯಿಸಿದರು, ಅಷ್ಟೆ. ಹೆಗಲ ಮೇಲಿನ ತೆಳು ಟವೆಲನ್ನು ತಗಡಿನ ಮೇಲೆ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಬೇರೆಲ್ಲೋ ನೋಡುತ್ತ ಮೆಲ್ಲಗೆ ಸವರತೊಡಗಿದರು. ಮಗುವಿನ ಜ್ವರ ನೋಡುವ ಹಾಗಿತ್ತು.

‘ಬಟ್ಟೆ ಯಾಕೆ?’ ಎಂದೆ.

‘ಬರಿಗೈ ತಗಡಿಗೆ ಅಂಟ್ಕತದ ಸಾ, ಜಾರಲ್ಲ. ಬಟ್ಟೆ ಇದ್ರೆ ಕೈ ಹರೀತದ, ಏರುತಗ್ಗು ಗೊತ್ತಾಯ್ತದ. ನೀವೇ ನೋಡಿ.’

ನೋಡಿದೆ. ಕಣ್ಣಿಗೆ ಸಪಾಟಾಗಿದ್ದ ಕಡೆ ಟವೆಲಿನಡಿ ಒಂದು ದಿಣ್ಣೆ ಎದ್ದಿತ್ತು, ಅದರಾಚೆ ಒಂದು ಕಣಿವೆ. ಒಂದು ಮಿಲಿಮೀಟರೂ ದಪ್ಪವಿಲ್ಲದ ಉಕ್ಕಿನ ಹಾಳೆಯಲ್ಲಿ ಇಷ್ಟು ದೊಡ್ಡ ಭೂಗೋಳವಿರುತ್ತದೆಂದು ಯಾರಿಗೆ ಗೊತ್ತಿತ್ತು?

ಮೇಸ್ತ್ರಿ ಪೆಟ್ಟನ್ನು ಓದಿ ಹೇಳಿದರು. ಟ್ರೇಲರಿನ ಮೂಲೆ ಮೊದಲು ತಾಗಿದ್ದು ಕನ್ನಡಿಯ ಕೆಳಗೆ. ಅಲ್ಲಿಂದ ಹಿಂದಕ್ಕೆ ಎಳೆದಿದೆ. ಹಿಡಿಯ ಹತ್ತಿರ ತಗಡು ಇನ್ನು ತಡೆಯಲಾರದೆ ಮಡಚಿಕೊಂಡು ಬಾಗಿಲನ್ನು ಕಾರಿನ ನಡುಗಂಬಕ್ಕೆ ಒತ್ತಿಬಿಟ್ಟಿದೆ. ಟ್ರ್ಯಾಕ್ಟರಿನ ಬಣ್ಣ ಕೂಡ ಹೇಳಿದರು, ಅದು ಗೀರಿನಲ್ಲೇ ಅಂಟಿತ್ತು ಬಿಡಿ. ‘ಕೊನೆಗೆ ಆದದ್ದ ಮೊದಲು ಬುಡಿಸ್ಬೇಕು, ಮೊದಲು ಆದದ್ದ ಕೊನೇಲಿ’ ಎಂದರು. ಎಲ್ಲಕ್ಕಿಂತ ಆಳವಾದ ಗುಂಡಿಗೇ ನಾನಾಗಿದ್ದರೆ ಮೊದಲು ಸುತ್ತಿಗೆ ಹಾಕುತ್ತಿದ್ದೆ. ಹಾಗೆ ಮಾಡಿದರೆ ಸುತ್ತಲಿನ ಮಡಿಕೆಗಳೆಲ್ಲ ಬಿಗಿದುಕೊಂಡು ತಗಡು ಇನ್ನೂ ಗಟ್ಟಿಯಾಗಿ ಹಟ ಹಿಡಿಯುತ್ತದಂತೆ. ನಿಜವೇ. ಮಡಚಿದ ಕಡೆ ಉಕ್ಕು ಮೊದಲಿಗಿಂತ ಗಡುಸಾಗುತ್ತದೆ. ಬರಿದೆ ಬಾಗಿದ ಕಡೆ ಮಾತ್ರ ಹಿಂದಿನ ಆಕಾರಕ್ಕೆ ಮರಳಲು ಕಾದಿರುತ್ತದೆ. ಗಡುಸಾದ ಮಡಿಕೆಯನ್ನು ಬಿಡಿಸಿದರೆ ಉಳಿದದ್ದು ತಾನಾಗಿ ಎದ್ದು ಬರುತ್ತದೆ.

ಒಳಗಿನ ಪ್ಯಾಡು ಬಿಚ್ಚಿ, ಗಾಜು ತೆಗೆದು, ಹುಡುಗ ಸಾಮಾನು ತಂದಿಟ್ಟ. ರೈಲು ಕಂಬಿಯ ಒಂದು ಗೇಣುದ್ದದ ತುಂಡು, ತಲೆ ತಿಕ್ಕಿ ತಿಕ್ಕಿ ಕನ್ನಡಿಯಾದದ್ದು. ಲಾರಿ ಸ್ಪ್ರಿಂಗಿನ ಪಟ್ಟಿಯನ್ನು ಬಗ್ಗಿಸಿ ಮಾಡಿದ ಸೌಟು. ಮೂರು ಸುತ್ತಿಗೆ, ಒಂದು ಮರದ ಕೊಡತಿ. ಅಂಗೈಗೆ ಹಿಡಿಯುವ ಡಾಲಿ ಎಂಬ ಉಕ್ಕಿನ ಗುಂಡು. ಇವಿಷ್ಟೇ.

ಹಿಡಿಯ ಪಕ್ಕದ ಮಡಿಕೆಯಿಂದ ಶುರುವಾಯಿತು. ಡಾಲಿಯನ್ನು ಒಳಗಿನಿಂದ ತಗ್ಗಿಗೆ ಒತ್ತಿ ಹಿಡಿದು, ಹೊರಗಿನಿಂದ ಪಕ್ಕದ ದಿಣ್ಣೆಗೆ ತಟ್ಟುವುದು. ದಿಣ್ಣೆ ಇಳಿಯುತ್ತಿದ್ದ ಹಾಗೆ ತಗ್ಗು ತಾನೇ ಮೇಲೆ ಬರುತ್ತಿತ್ತು. ಆಗ ಸದ್ದು ‘ಟಪ್’. ಸುತ್ತಿಗೆ ನೇರ ಡಾಲಿಯ ಮೇಲೇ ಬಿದ್ದರೆ ‘ಟಿಣ್’. ಟಪ್ ತಗಡನ್ನು ಸರಿಸುತ್ತದೆ. ಟಿಣ್ ಅದನ್ನು ನಯ ಮಾಡುತ್ತದೆ, ಆದರೆ ಜೊತೆಗೆ ಹಿಗ್ಗಿಸಿಯೂ ಬಿಡುತ್ತದೆ. ಅದಕ್ಕೇ ಟಿಣ್‌ನಲ್ಲಿ ಜಿಪುಣತನ ಬೇಕು. ಒಂದು ಗಂಟೆಯಲ್ಲಿ ನಾನು ಕಣ್ಣು ಮುಚ್ಚಿಯೂ ಎರಡನ್ನೂ ಬೇರೆ ಮಾಡಬಲ್ಲವನಾಗಿದ್ದೆ. ಹುಣಸೆಮರದಡಿ ಕುಳಿತು ಕೇಳುವುದಕ್ಕೆ ಅದೊಂದು ತಾಳವೇ.

ಕೈ ನಡೆಸುತ್ತಲೇ ಮಾತು. ಇಲ್ಲಿಗೆ ಬರುವ ಪೆಟ್ಟುಗಳಲ್ಲಿ ಜಾತಿಗಳಿವೆ. ಸತ್ಯಮಂಗಲದ ಕಡೆಗೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳ ಪೆಟ್ಟು ಬೇರೆ, ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುವುದರೊಳಗೆ ದಾಟಿಬಿಡಬೇಕೆಂದು ಓಡಿಸಿದವರ ಪೆಟ್ಟು ಬೇರೆ. ಆಸನೂರು, ಕಾರಪಳ್ಳದ ಕಾಡಿನಲ್ಲಿ ಕಬ್ಬಿನ ಲಾರಿಗಾಗಿ ಆನೆಗಳು ರಸ್ತೆಗೆ ಬಂದು ನಿಲ್ಲುವುದು ಆ ದಾರಿಯ ಎಲ್ಲ ಡ್ರೈವರುಗಳಿಗೂ ಗೊತ್ತು. ಜಲ್ಲೆ ಎಳೆದುಕೊಂಡು ಸುಮ್ಮನೆ ಹೋಗುವುದೇ ಹೆಚ್ಚು. ಕೆಲವೊಮ್ಮೆ ಹಿಂದೆ ನಿಂತ ಪುಟ್ಟ ಕಾರಿನ ಅದೃಷ್ಟ ಕೆಡುತ್ತದೆ.

‘ಆನೆ ಪೆಟ್ಟು ನೋಡುದ್ರೇ ಗೊತ್ತಾಯ್ತದ ಸಾ. ಬಣ್ಣ ಕಿತ್ತೋಗಿರಲ್ಲ, ಗೀರಿರಲ್ಲ. ದಿಂಬಿನ ಮೇಲೆ ಯಾರೋ ತಲೆ ಇಟ್ಟು ಎದ್ದೋದಂಗಿರ್ತದ.’

ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹೆಚ್ಚುಕಮ್ಮಿ ಬಾಗಿಲಾಗಿತ್ತು. ನಡುವೆ ಒಂದು ಕಡೆ ಮಾತ್ರ ತಗಡು ಹಿಗ್ಗಿಹೋಗಿ, ಒತ್ತಿದರೆ ಒಳಕ್ಕೆ, ಬಿಟ್ಟರೆ ಹೊರಕ್ಕೆ, ಎಣ್ಣೆ ಡಬ್ಬದ ತಳದ ಹಾಗೆ ಟಪಟಪ ಎನ್ನುತ್ತಿತ್ತು. ಹೆಚ್ಚಾದ ತಗಡನ್ನು ಎಲ್ಲಿಗೆ ಕಳಿಸುವುದು? ಕತ್ತರಿಸುವಂತಿಲ್ಲ. ಆಗ ಆದದ್ದನ್ನು ನೋಡಲಿಕ್ಕೇ ನಾನು ಆ ಟ್ರೇಲರಿಗೆ ಸಿಕ್ಕಿದೆನೇನೋ.

ಗ್ಯಾಸ್ ಹೊತ್ತಿಸಿ, ನೀಲಿ ನಾಲಗೆಯನ್ನು ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ತೋರಿಸಿದರು. ತಗಡು ಕೆಂಪಗಾಗಿ ಗುಳ್ಳೆಯಂತೆ ಉಬ್ಬಿತು. ಕೂಡಲೆ ಡಾಲಿ ಹಿಡಿದು ಗುಳ್ಳೆಯ ಸುತ್ತ ನಾಲ್ಕೈದು ಹಗುರ ಏಟು. ಹುಡುಗ ಒದ್ದೆ ಬಟ್ಟೆ ಒತ್ತಿದ. ಚುಸ್! ಹಬೆ ಎದ್ದಿತು. ಹೀಗೇ ಇನ್ನೆರಡು ಕಡೆ. ಮೇಸ್ತ್ರಿ ಹೆಬ್ಬೆರಳಿನಿಂದ ಒತ್ತಿದರು. ತಗಡು ಮಾತಾಡಲಿಲ್ಲ. ಚರ್ಮದ ವಾದ್ಯದ ಹಾಗೆ ಬಿಗಿದುಕೊಂಡಿತ್ತು.

ಕಾಯ್ದ ಚುಕ್ಕೆ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಜಾಗ ಬಿಡುವುದಿಲ್ಲ. ವಿಧಿಯಿಲ್ಲದೆ ತನ್ನಲ್ಲೇ ದಪ್ಪಗಾಗುತ್ತದೆ. ತಣಿಯುವಾಗ ಕುಗ್ಗಿ ಸುತ್ತಲಿನದನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೆಚ್ಚಾದದ್ದು ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಅಡಗಿತು.

‘ಇದ ಎಲ್ಲಿ ಕಲಿತ್ರಿ?’

‘ಟಿಂಕರಿಂಗು ಮೈಸೂರಲ್ಲಿ. ಇದು ಮಾತ್ರ ನಮ್ಮ ತಾತಂದು. ಗಾಡಿ ಚಕ್ರಕ್ಕ ಪಟ್ಟೆ ಹಾಕ್ತಿದ್ರಲ್ಲ, ನೋಡಿಲ್ವ ಸಾ?’

ನೋಡಿದ್ದೆ, ಬಹಳ ಚಿಕ್ಕವನಿದ್ದಾಗ. ಚಕ್ರಕ್ಕಿಂತ ತುಸು ಕಿರಿದಾದ ಕಬ್ಬಿಣದ ಬಳೆಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕುಳ ಹಿಡಿದು ಮರದ ಚಕ್ರದ ಮೇಲೆ ಇಳಿಸಿ, ಗಡಿಗೆಗಟ್ಟಲೆ ನೀರು ಸುರಿಯುತ್ತಿದ್ದರು. ಹೊಗೆ, ಹಬೆ, ಕೂಗಾಟ. ಬಳೆ ಕುಗ್ಗಿ ಚಕ್ರದ ಕೀಲುಗಳನ್ನೆಲ್ಲ ಅಪ್ಪಿ ಬಿಗಿಯುವ ಕಿರಕಿರ ಸದ್ದು. ಅಂದು ಅಷ್ಟು ದೊಡ್ಡದಾಗಿ ನಡೆದದ್ದು ಇಲ್ಲಿ ನಾಣ್ಯದಗಲಕ್ಕೆ ಇಳಿದಿತ್ತು. ಅವರ ತಾತ ನೇಗಿಲಿನ ಗುಳವನ್ನೂ ತಟ್ಟುತ್ತಿದ್ದರಂತೆ. ನೇಗಿಲು ಹೋಗಿ ಟ್ರ್ಯಾಕ್ಟರು ಬಂತು, ಆ ಟ್ರ್ಯಾಕ್ಟರಿನ ಟ್ರೇಲರೇ ನನ್ನನ್ನು ಮೊಮ್ಮಗನ ಮುಂದೆ ತಂದು ನಿಲ್ಲಿಸಿದೆ!

ನಾವು ಹೊರಟದ್ದು ಸಿದ್ದಪ್ಪಾಜಿ ಜಾತ್ರೆಗೆ ಎಂದಾಗ ಮೇಸ್ತ್ರಿ ಗ್ಯಾಸು ಆರಿಸಿ ಕೈಮುಗಿದರು. ತನ್ನ ಗುರು ಮಂಟೇಸ್ವಾಮಿಯ ಮಠಕ್ಕೆ ಕಬ್ಬಿಣ ಬೇಡಲು ಹಲಗೂರಿನ ಕಮ್ಮಾರ ಪಾಂಚಾಳರ ಕೇರಿಗೆ ಹೋದವನು ಸಿದ್ದಪ್ಪಾಜಿ. ಅವರು ಇಲ್ಲವೆನ್ನುತ್ತಾರೆ, ನಾನಾ ಪರೀಕ್ಷೆಗೆ ಒಡ್ಡುತ್ತಾರೆ. ಆ ಪಂಥದ ಗಾಯಕರಾದ ನೀಲಗಾರರು ರಾತ್ರಿಯಿಡೀ ಹಾಡುವ ಕಥೆಯಲ್ಲಿ ಸಿದ್ದಪ್ಪಾಜಿಯೂ ಹುಟ್ಟಿನಿಂದ ಕುಲುಮೆಯ ಮನೆಯ ಮಗನೇ, ಕೆಂಪಾಚಾರಿ. ಕಬ್ಬಿಣವನ್ನು ಭಿಕ್ಷೆಯಾಗಿ ಬೇಡಿದ ಸಂತ ಬೇರೆ ಯಾವ ನಾಡಿನಲ್ಲಿದ್ದಾನೋ ನಾನು ಕೇಳಿಲ್ಲ.

ಉಳಿದ ಸಣ್ಣ ಏರುತಗ್ಗಿಗೆ ಪುಟ್ಟಿ ಹಚ್ಚುವ ಕೆಲಸ ಬೇಗ ಮುಗಿಯಿತು. ಗಟ್ಟಿಯಾಗಿಸುವ ಪೇಸ್ಟು ಬೆರೆಸಿದ ಮೇಲೆ ಕಾಲು ಗಂಟೆಯೊಳಗೆ ಅದು ಕಲ್ಲಾಗುತ್ತದೆ. ಕೆಲವು ಕಡೆ ಗುಂಡಿಗೇ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸುತ್ತಾರೆ; ಎರಡು ಮಳೆಗಾಲಕ್ಕೆ ಬಿರುಕು ಬಿಡುತ್ತದೆ. ಇಲ್ಲಿ ಹಚ್ಚಿದ್ದು ಉಗುರಿನ ದಪ್ಪಕ್ಕಿಂತ ಕಡಿಮೆ, ಅದರಲ್ಲೂ ಮುಕ್ಕಾಲು ಪಾಲನ್ನು ಹುಡುಗ ಉಜ್ಜಿಯೇ ತೆಗೆದ. ಹಳೆಯ ಅಂಬಾಸಿಡರಿನ ದಪ್ಪ ತಗಡನ್ನು ಮೇಸ್ತ್ರಿ ಊರು ಬಿಟ್ಟ ನೆಂಟನನ್ನು ನೆನೆದ ಹಾಗೆ ನೆನೆದರು. 2014ರಲ್ಲಿ ಆ ಕಾರಿನ ತಯಾರಿಕೆ ನಿಂತೇಹೋಯಿತು. ಹೊಸ ಗಾಡಿಗಳ ನಡುಗಂಬದಲ್ಲಿ ಬೇರೆಯೇ ಬಲವಾದ ಉಕ್ಕು; ಕಾಯಿಸಿದರೆ ಅದರ ಶಕ್ತಿಯೇ ಇಳಿದುಹೋಗುತ್ತದೆ. ‘ಅದಕ್ಕ ಬೆಂಕಿ ತೋರ್ಸಕೂಡದು ಸಾ, ಅದು ನಮ್ಮ ಕೆಲ್ಸ ಅಲ್ಲ’ ಎಂದರು. ತನ್ನ ವಿದ್ಯೆಯ ಗಡಿ ಎಲ್ಲಿದೆಯೆಂದು ಇಷ್ಟು ಸಲೀಸಾಗಿ ಹೇಳುವವರನ್ನು ನಾನು ಕಾಲೇಜುಗಳಲ್ಲಿ ಹೆಚ್ಚು ಕಂಡಿಲ್ಲ.

ಸಂಜೆಗಾಳಿಗೆ ಧೂಳು ಏಳುತ್ತಿತ್ತು, ಬಣ್ಣ ಹೊಡೆಯುವಂತಿರಲಿಲ್ಲ. ಬೂದು ಪ್ರೈಮರಿನ ತೇಪೆಯೊಂದಿಗೇ ಬಾಗಿಲು ‘ಧಪ್’ ಎಂದು ಒಂದೇ ಏಟಿಗೆ ಕೂತಿತು. 2,800 ರೂಪಾಯಿ ಕೊಟ್ಟೆ. ಎಣಿಸದೆ ಜೇಬಿಗೆ ಹಾಕಿಕೊಂಡರು.

ಹುಣ್ಣಿಮೆಯ ರಾತ್ರಿ ಚಿಕ್ಕಲ್ಲೂರಿನಲ್ಲಿ ಜಾತ್ರೆಯ ಚಂದ್ರಮಂಡಲ ಜ್ಯೋತಿ ಹೊತ್ತಿ ಉರಿಯಿತು. ಜನಸಾಗರ ಉಘೇ ಎಂದಿತು. ಹಲಗೂರಿನ ಪಾಂಚಾಳರ ಹಾಡು ಎಲ್ಲೋ ತಂಬೂರಿಯೊಂದಿಗೆ ಎದ್ದು ಜನರ ಗದ್ದಲದಲ್ಲಿ ಮುಳುಗಿತು. ಕಾರಿನ ಹತ್ತಿರ ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಟವೆಲು ಹಾಸಿ ಬಾಗಿಲ ಮೇಲೆ ಅಂಗೈ ಆಡಿಸಿದೆ. ಏನೂ ಸಿಗಲಿಲ್ಲ. ಚಪಲ ಬಿಡಲಿಲ್ಲ, ಆಚೆ ಬದಿಗೆ ಹೋಗಿ ಪೆಟ್ಟೇ ಬೀಳದ ಬಾಗಿಲನ್ನೂ ಸವರಿದೆ. ಅಲ್ಲಿ, ಹಿಡಿಯಿಂದ ಒಂದು ಗೇಣು ಕೆಳಗೆ, ಆರು ವರ್ಷದಿಂದ ದಿನವೂ ನೋಡಿದ ಬಾಗಿಲಿನಲ್ಲಿ, ನನಗೆ ಗೊತ್ತೇ ಇಲ್ಲದ ಒಂದು ಪುಟ್ಟ ತಗ್ಗು ಅಂಗೈಗೆ ಸಿಕ್ಕಿತು.