ಜಪಾನಿನಲ್ಲೊಂದು ವಿಳಾಸ

ನನಗೆ ಜಪಾನಿನಲ್ಲಿ ಒಂದು ವಿಳಾಸವಿದೆ. ಹೀಗೆಂದೊಡನೆ ಬಲ್ಲವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ, ನೋಡಲಿ. ಸಮುದ್ರವನ್ನು ಮಲ್ಪೆಯ ದಂಡೆಯಲ್ಲಿ ನಿಂತು ಕಂಡವನೇ ಹೊರತು ದಾಟಿದವನಲ್ಲ ನಾನು. ಆದರೂ ಆ ದೇಶದ ಒಂದು ಉಗ್ರಾಣದಲ್ಲಿ ನನ್ನ ಹೆಸರಿನ ಮುಂದೆ ಒಂದು ಸಂಖ್ಯೆ ಬರೆದಿದ್ದಾರೆ. ಆ ಸಂಖ್ಯೆಗೆ ಬಂದ ಸಾಮಾನು ಮೈಸೂರಿನ ನಮ್ಮ ಮನೆಯ ಬಾಗಿಲಿಗೆ ಬರುತ್ತದೆ.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ತನ್ನ ಸರಕನ್ನು ಹೊರದೇಶಕ್ಕೆ ಕಳುಹಿಸುವ ತಾಪತ್ರಯವೇ ಬೇಡವೆನ್ನುವ ಚಿಕ್ಕ ವ್ಯಾಪಾರಿ ಎಲ್ಲ ಕಡೆಯೂ ಇದ್ದಾನೆ. ಅಂಥವನಿಂದ ನಮ್ಮ ಪರವಾಗಿ ಸಾಮಾನು ಕೊಂಡು, ಉಗ್ರಾಣದಲ್ಲಿರಿಸಿ, ಎರಡು ಮೂರು ಕಟ್ಟುಗಳಿದ್ದರೆ ಒಂದಾಗಿ ಕಟ್ಟಿ, ನಮ್ಮೂರಿಗೆ ರವಾನಿಸುವ ಮಧ್ಯಸ್ಥರು ಈಗ ಇದ್ದಾರೆ. ಹಿಂದೆ ನಮ್ಮೂರ ಬಸ್ಸಿನ ಕಂಡಕ್ಟರು ಮಾಡುತ್ತಿದ್ದುದೂ ಇದನ್ನೇ ಅಲ್ಲವೆ? ಅಜ್ಜಿಯ ಉಪ್ಪಿನಕಾಯಿ ಭರಣಿ ಆತನ ಕಾಲಬುಡದಲ್ಲಿ ಕುಳಿತು ಅರವತ್ತು ಮೈಲಿ ಪ್ರಯಾಣ ಮಾಡಿ ನಮ್ಮನ್ನು ಸೇರುತ್ತಿತ್ತು. ಆತ ಒಂದು ಲೋಟ ಕಾಫಿಗೆ ತೃಪ್ತನಾಗುತ್ತಿದ್ದ, ಇವರು ಆಗುವುದಿಲ್ಲ. ವ್ಯತ್ಯಾಸ ಅಷ್ಟೆ.

ನಿನಗೇಕಯ್ಯಾ ಈ ಉಪದ್ವ್ಯಾಪ ಎಂದು ನೀವು ಕೇಳಬಹುದು. ಹೇಳುತ್ತೇನೆ. 1968ರ ನವರಾತ್ರಿಯಲ್ಲಿ, ಬೊಂಬೆ ಕೂರಿಸಿದ್ದ ನಡುಮನೆಯಲ್ಲಿ, ನಮ್ಮ ಸೋದರಮಾವ ತಮ್ಮ ಟೇಪ್ ರೆಕಾರ್ಡರನ್ನಿಟ್ಟು ಅಮ್ಮನಿಂದ ಹಾಡಿಸಿದ್ದರು. ಆ ಯಂತ್ರ ಎಂದೋ ಗುಜರಿ ಸೇರಿತು. ಸುರುಳಿ ಮಾತ್ರ ಉಳಿಯಿತು. ಅಮ್ಮನ ದನಿ ಈ ಲೋಕದಲ್ಲಿ ಉಳಿದಿರುವುದು ಆ ಒಂದು ಸುರುಳಿಯಲ್ಲಿ. ಕೇಳಲು ಯಂತ್ರ ಬೇಕಲ್ಲ? ಕೆಲಸದ ಮೇಲೆ ಒಸಾಕಾಕ್ಕೆ ಹೋಗಿ ಬಂದಿದ್ದ ಗೆಳೆಯರೊಬ್ಬರು ತಮ್ಮಲ್ಲಿ ಧೂಳು ತಿನ್ನುತ್ತಿದ್ದ ಒಂದನ್ನು ದಾನ ಮಾಡಿದರು. ಅದು 100 ವೋಲ್ಟಿನದು. ನಮ್ಮ ಮನೆಯದು 230. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ಗುಂಡಿ ಒತ್ತಿದೆವು. ಅಮ್ಮ ಹಾಡಿದಳು, ಆದರೆ ಗಂಡುದನಿಯಲ್ಲಿ!

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ. ವಿದ್ಯುತ್ತಿನ ತಾಳವನ್ನು ಮುಟ್ಟುವುದಿಲ್ಲ. ನಮ್ಮ ವಿದ್ಯುತ್ತಿಗೆ ಸೆಕೆಂಡಿಗೆ 50 ಆವರ್ತ, ಒಸಾಕಾದ್ದಕ್ಕೆ 60. ಈ ಯಂತ್ರದ ಮೋಟಾರು ಆ ತಾಳಕ್ಕೇ ಕಟ್ಟುಬಿದ್ದು ಸುತ್ತುವಂಥದು. ಅಲ್ಲಿ ಆರು ಸುತ್ತು ಸುತ್ತುವ ಹೊತ್ತಿಗೆ ಇಲ್ಲಿ ಐದೇ ಸುತ್ತಿತು. ಹಾಡು ವಿಳಂಬವಾದುದಲ್ಲದೆ ಶ್ರುತಿಯೂ ಮೂರು ಸ್ವರಸ್ಥಾನಗಳಿಗಿಂತ ತುಸು ಹೆಚ್ಚೇ ಕುಸಿಯಿತು. ಐದೂವರೆ ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದ ಅಮ್ಮ ನಾಲ್ಕನೆಯ ಮನೆಗಿಂತಲೂ ಕೆಳಕ್ಕೆ ಇಳಿದಿದ್ದಳು.

ಅಕ್ಕನ ಮಗ ಕಂಪ್ಯೂಟರು ಬಲ್ಲವನು. "ಇದೇನು ಮಹಾ ಮಾಮ, ಐದನ್ನು ಆರು ಮಾಡಿದರಾಯಿತು" ಎಂದ, ಮಾಡಿಯೂ ಬಿಟ್ಟ. ಶ್ರುತಿ ಮೇಲಕ್ಕೆ ಬಂತು. ಆದರೆ ಹಿಂದೆ ಮೀಟುತ್ತಿದ್ದ ತಂಬೂರಿ ನಡುಗುತ್ತಿತ್ತು. ಅಮ್ಮ ಹಾಡಿದ್ದು ತೋಡಿ. ತೋಡಿಯಲ್ಲಿ ಗಾಂಧಾರ ಅಲುಗುವುದು ಧರ್ಮ. ತಂಬೂರಿಯ ಷಡ್ಜ ಅಲುಗುವುದು ಅಧರ್ಮ. ನೋಡಿದರೆ, ಟೇಪನ್ನು ಒತ್ತಿ ಹಿಡಿದು ಎಳೆಯುವ ರಬ್ಬರಿನ ಉರುಳೆ ವಯಸ್ಸಾಗಿ ಕಲ್ಲಾಗಿತ್ತು, ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಎಲ್ಲವನ್ನೂ ಒಂದೇ ಸಮನೆ ಮೇಲೇರಿಸುವುದು ಕಂಪ್ಯೂಟರಿಗೆ ಸುಲಭ. ಆದರೆ ಈ ಕಂಪಿತದಲ್ಲಿ ಅಮ್ಮನದೆಷ್ಟು, ರಬ್ಬರಿನದೆಷ್ಟು? ತಾಯಿಯ ಗಮಕ ಯಾವುದು, ಯಂತ್ರದ ಮುಪ್ಪು ಯಾವುದು ಎಂದು ತಿಳಿಯದೆ ಕೇಳುತ್ತ ಕೂರುವುದು ಸಣ್ಣ ಸಂಕಟವಲ್ಲ. ಆಗಲೇ ನಾನು ಯಂತ್ರವನ್ನೇ ಸರಿಮಾಡಿಸಬೇಕೆಂದು ಹೊರಟದ್ದು. ಊರಿನ ಲೇತಿನವರು ಮೋಟಾರಿಗೆ ಹಿತ್ತಾಳೆಯ ರಾಟೆಯೊಂದನ್ನು ಕಡೆದುಕೊಟ್ಟರು. ಕೂದಲೆಳೆಯಷ್ಟು ಕೇಂದ್ರ ತಪ್ಪಿತ್ತು. ಸುತ್ತಿಗೊಂದು ಓಲಾಟ ಹೊಸದಾಗಿ ಸೇರಿತು.

ಇಲ್ಲಿ ಜಪಾನಿನ ಒಂದು ಸ್ವಾರಸ್ಯ ಹೇಳಬೇಕು. ಅದು ಒಂದೇ ದೇಶ, ಆದರೆ ಅಲ್ಲಿನ ವಿದ್ಯುತ್ತಿಗೆ ಎರಡು ತಾಳ. 1895ರಲ್ಲಿ ಟೋಕಿಯೋದವರು ಜರ್ಮನಿಯಿಂದ 50 ಆವರ್ತದ ಜನರೇಟರು ತರಿಸಿದರು. ಮರುವರ್ಷ ಒಸಾಕಾದವರು ಅಮೆರಿಕದಿಂದ 60 ಆವರ್ತದ್ದನ್ನು ತರಿಸಿದರು. ಅಂದು ಬಿದ್ದ ಸೀಳು ಇಂದಿಗೂ ಕೂಡಿಲ್ಲ. ಫ್ಯೂಜಿ ನದಿಯ ಆಸುಪಾಸಿನಲ್ಲಿ ಅದರ ಗಡಿ. ಮನೆ ಬದಲಾಯಿಸಿದವನ ಸಂಗೀತ ಕೆಡಬಾರದೆಂದು ಅಲ್ಲಿನ ಎಷ್ಟೋ ಟೇಪ್ ರೆಕಾರ್ಡರುಗಳ ಮೋಟಾರಿಗೆ ಎರಡು ಅಳತೆಯ ರಾಟೆಗಳನ್ನು ಒದಗಿಸುತ್ತಿದ್ದರು. ಮೋಟಾರು ನಿಧಾನವಾದಲ್ಲಿ ರಾಟೆ ದಪ್ಪ, ಲೆಕ್ಕ ಸರಿಹೋಗುತ್ತದೆ. ಒಸಾಕಾ ಕಡೆಯವರಿಗೆ ಬೇಡವಾಗಿ ಪೆಟ್ಟಿಗೆಯ ಮೂಲೆಯಲ್ಲಿ ಉಳಿದದ್ದು ಯಾವುದು? ನಮಗೆ ಬೇಕಾದ 50ರ ರಾಟೆಯೇ!

ಹುಡುಕಿದಾಗ ರಾಟೆ ಒಬ್ಬರಲ್ಲಿ ಸಿಕ್ಕಿತು. ಹೊಸದಾಗಿ ಎರಕ ಹೊಯ್ದ ರಬ್ಬರಿನ ಉರುಳೆ ಇನ್ನೊಬ್ಬರಲ್ಲಿ. ಇಬ್ಬರೂ ಹೊರದೇಶಕ್ಕೆ ಕಳುಹಿಸುವವರಲ್ಲ. ಅದಕ್ಕಾಗಿ ಮಧ್ಯಸ್ಥರು, ಅದಕ್ಕಾಗಿ ಆ ವಿಳಾಸ. ಎರಡೂ ಸೇರಿ ಅರವತ್ತು ಗ್ರಾಂ ತೂಕ. ಆದರೆ ವಿಮಾನದವರು ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋಗ್ರಾಂ ಎಂದು ಇಟ್ಟುಕೊಂಡು, ನಿಜವಾದ ತೂಕಕ್ಕಿಂತ ಅದು ಹೆಚ್ಚಾದರೆ ಅದಕ್ಕೇ ಹಣ ಕೇಳುತ್ತಾರೆ. ನನ್ನ ಅರವತ್ತು ಗ್ರಾಮನ್ನು 30, 25, 20 ಸೆಂಟಿಮೀಟರಿನ ಡಬ್ಬದಲ್ಲಿ ಮಲಗಿಸಿದ್ದರು. ಅದು ಮೂರು ಕಿಲೋ ಆಯಿತು. ಉಳಿದದ್ದೆಲ್ಲ ಜಪಾನಿನ ಗಾಳಿ. ಚಿಕ್ಕ ಡಬ್ಬಕ್ಕೆ ಹಾಕಿರೆಂದು ಬರೆದೆ. ಹಾಕಿದರು, ಅದಕ್ಕೂ ಕೂಲಿ ತೆಗೆದುಕೊಂಡರು.

ಕಟ್ಟು ಬೆಂಗಳೂರಿಗೆ ಬಂದಿಳಿದು ಸುಂಕದ ಕಟ್ಟೆಯಲ್ಲಿ ನಿಂತಿತು. ಗುರುತಿನ ಚೀಟಿ ಕೇಳಿದರು, ಕೊಟ್ಟೆ. ಇದು ಏನು, ಯಾತಕ್ಕೆ ಎಂದು ಕೇಳಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಹಿರಿಯರು ಹೇಳಿದ್ದಾರೆ. "ಟೇಪ್ ರೆಕಾರ್ಡರಿನ ಬಿಡಿಭಾಗ, ಸ್ವಂತ ಉಪಯೋಗಕ್ಕೆ" ಎಂದಷ್ಟೇ ಬರೆದೆ. ಸುಂಕ ಬರಿಯ ಸಾಮಾನಿನ ಬೆಲೆಯ ಮೇಲಲ್ಲ. ಸಾಗಣೆಯನ್ನೂ ವಿಮೆಯನ್ನೂ ಕೂಡಿಸಿದ ಮೊತ್ತದ ಮೇಲೆ. ಕೊನೆಯ ಲೆಕ್ಕದಲ್ಲಿ ಸಾಮಾನಿನದು ಒಂದು ಪಾಲು, ಅದರ ತೀರ್ಥಯಾತ್ರೆಯದು ಎರಡು ಪಾಲು. ನನ್ನಾಕೆ ಚೀಟಿಯನ್ನೂ ಡಬ್ಬವನ್ನೂ ಮಾರಿಮಾರಿ ನೋಡಿ, "ಚಿನ್ನವೇನಾದರೂ ತರಿಸಿದಿರಾ?" ಎಂದಳು. ಹಿತ್ತಾಳೆ ಎಂದು ಹೇಳುವ ಧೈರ್ಯ ಆಗ ನನಗೆ ಬರಲಿಲ್ಲ.

ರಾಟೆ ಕೂರಿಸಿ, ಉರುಳೆ ಹಾಕಿ, ಅಕ್ಕನನ್ನು ಕರೆಸಿದೆ. ಅವಳ ಮಗ ತನ್ನ ಯಂತ್ರವನ್ನು ಜೋಡಿಸಿ ಪ್ರತಿ ತೆಗೆಯಲು ಕುಳಿತ. ತಂಬೂರಿ ನೆಟ್ಟಗೆ ನಿಂತಿತು. ಅದರ ಮೇಲೆ ತೋಡಿಯ ಗಾಂಧಾರ ತಾನಾಗಿ ತೂಗಿತು. ಈ ಸಲ ಅದು ಪೂರ್ತಿ ಅಮ್ಮನದು. ಬೊಂಬೆ ನೋಡಲು ಬಂದಿದ್ದ ಯಾರದೋ ಬಳೆಯ ಸದ್ದೂ ಕೇಳಿಸಿತು.

ಅಕ್ಕನಿಗೀಗ ಎಪ್ಪತ್ತೆರಡು. ನಮ್ಮಿಬ್ಬರ ನೆನಪಿನಲ್ಲಿ ಉಳಿದಿದ್ದುದು ಕೊನೆಯ ವರ್ಷಗಳ ಅಮ್ಮ. ಕನ್ನಡಕದ, ಕೆಮ್ಮಿನ, ಮೆಟ್ಟಿಲು ಹತ್ತಲಾರದ ಅಮ್ಮ. ಯಂತ್ರ ನಿಧಾನವಾಗಿ ನಡೆದಾಗ ಆ ದಣಿದ ದನಿಯೂ ಅವಳದೇ ಇರಬಹುದೆಂದು ನಾವು ಒಪ್ಪಿಕೊಂಡಿದ್ದೆವು. ಈಗ ಹಾಡುತ್ತಿದ್ದವಳಿಗೆ ಮೂವತ್ತನಾಲ್ಕು ವರ್ಷ. ಅಕ್ಕ ಸೆರಗಿನ ತುದಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು.

"ಅಮ್ಮ ಇಷ್ಟು ಚಿಕ್ಕವಳಾಗಿದ್ದಳೇನೋ?" ಎಂದಳು. ಆಮೇಲೆ, "ಇನ್ನೊಂದು ಸಲ ಹಾಕು."

ಸುರುಳಿಯನ್ನು ಹಿಂದಕ್ಕೆ ಸುತ್ತಿದೆ.